ಮಂಜಿನಲ್ಲಿ ಕಾಗೆಗೆ ಕಾದದ್ದು

ಹತ್ತನೆಯ ದಿನ ನಮ್ಮ ಬ್ರಿಸ್ಬೇನ್ ಮನೆಯ ಹಿತ್ತಲಲ್ಲಿ ಕಾಗೆಗಳು ಬಟ್ಟೆ ಒಣಹಾಕುವ ತಂತಿಯ ಮೇಲೆ ಕೂತು ನನ್ನ ಗಂಡ ಸೋಮಶೇಖರನ ಪಿಂಡವನ್ನು ನೋಡಿದವು, ಮುಟ್ಟಲಿಲ್ಲ. ಪುರೋಹಿತರು ಅದನ್ನು ನೀರಿಗೆ ಬಿಡಿಸಿ ಕರ್ಮ ಮುಗಿಸಿದರು. ಮೈದುನ ಸುಹಾಸ ನಮ್ಮ ಜೊತೆಗಿದ್ದ ಅಮ್ಮ ಇನ್ನು ತನ್ನ ಬಳಿ ಇರಲೆಂದು ಶನಿವಾರಕ್ಕೆ ಟಿಕೆಟ್ ಮಾಡಿಸಿಟ್ಟು ಅಡಿಲೇಡಿಗೆ ವಾಪಸಾದ. ಅತ್ತೆ ಚಂಪಾ ಮಾತ್ರ ಹಟ ಹಿಡಿದರು. ಮಗನಿಗೆ ಏನೋ ಆಸೆ ಉಳಿದಿದೆ, ಅವನು ರಜೆಯಲ್ಲೆಲ್ಲ ದೋಣಿ ಸುತ್ತಿಸುತ್ತಿದ್ದ ಕಡೆಯೇ ಇನ್ನೊಮ್ಮೆ ಪಿಂಡ ಇಡಬೇಕು ಎಂದರು. ಗಂಡಸರಿಲ್ಲದೆ ಹೇಗೆ ಎಂದು ನಾನು ಕೇಳಿದ್ದಕ್ಕೆ, "ಹೆತ್ತೋಳು ನಾನಿದೀನಲ್ಲ ಹಂಸಾ" ಎಂದರು.

ಅಡಿಲೇಡಿಗೆ ಹೋಗಬೇಡಿ ಎಂದು ನಾನು ಅತ್ತೆಗೆ ಹೇಳಿರಲಿಲ್ಲ, ಹೋಗಿ ಎಂದೂ ಹೇಳಿರಲಿಲ್ಲ. ಸೋಮಶೇಖರ ತೀರಿಕೊಂಡಂದಿನಿಂದ ನನಗೆ ಹಸಿವಿಲ್ಲ, ಅಳುವೂ ಇಲ್ಲ. ಮನಸ್ಸು ಮರಗಟ್ಟಿತ್ತು.

ಬೆಳಿಗ್ಗೆ ಅವನ ದೋಣಿಯಲ್ಲಿ ನಾವಿಬ್ಬರೇ ಊರ ಪಕ್ಕದ ಕೊಲ್ಲಿಗೆ ಹೊರಟೆವು. ಕೊಲ್ಲಿಯ ಉತ್ತರಕ್ಕೆ ಎಂಥ ಮಂಜು ಎಂದರೆ, ದೋಣಿಯ ಮುಂದೆ ಕೂತ ಅತ್ತೆಯ ಮಫ್ಲರ್ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಎಂಜಿನ್ ತಗ್ಗಿಸಿ ಮೆಲ್ಲಗೆ ನಡೆಸಿದೆ. ಪಕ್ಕದಲ್ಲೇ, ಕಡಲತಳದ ಹುಲ್ಲು ಮೇಯುವ ಕಡಲಹಸುವೊಂದು ಮೂಗೆತ್ತಿ ಉಸ್ಸೆಂದು ಮುಳುಗಿತು. ಇನ್ನೊಂದು ಪಕ್ಕಕ್ಕೆ, ಕೈಗೆಟುಕುವಷ್ಟು ಹತ್ತಿರ, ಡಾಲ್ಫಿನ್‌ಗಳ ಬೆನ್ನು. ಅವನಿದ್ದಿದ್ದರೆ ಕೂಗಾಡಿ ನಮ್ಮ ಪ್ರಾಣ ತಿನ್ನುತ್ತಿದ್ದ. ನಾನು ದೋಣಿ ತಿರುಗಿಸಿ ಮುಂದೆ ಸಾಗಿದೆ.

ಮರಳುದಿಬ್ಬದ ಮೇಲೆ ಅತ್ತೆ ಎಲೆ ಹಾಸಿ, ಎಳ್ಳು ಬೆರೆಸಿದ ಅನ್ನದ ಉಂಡೆ ಇಟ್ಟರು. ಗಿಡಗಳೊಳಗೆ ಕಾಗೆ ಕೂಗುತ್ತಿತ್ತು, ಬರಲಿಲ್ಲ.

"ಯಾವ ಹಕ್ಕಿ ತಿಂದ್ರೇನು ಅತ್ತೆ? ಈ ಊರಲ್ಲಿ ಎಲ್ಲಾ ಒಂದೇ," ಎಂದೆ. ಚಳಿಗೆ ಸಿಟ್ಟು ಬರುತ್ತಿತ್ತು.

ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಮಾತು ಕೊಡುವುದು ನಮ್ಮಲ್ಲಿ ರೂಢಿ. ಅತ್ತೆ ಶುರು ಮಾಡಿದರು. "ದೋಣಿ ಮಾರಲ್ಲ ಕಣೋ." ಕಾಗೆ ಬರಲಿಲ್ಲ. "ಸುಹಾಸನ್ನ ಬೈಯಲ್ಲ." ಆಗಲೂ ಇಲ್ಲ. ಕೊನೆಗೆ ದನಿ ತಗ್ಗಿಸಿದರು. "ಹಂಸಂಗೆ ಭಾರ ಆಗಲ್ಲ ಕಣೋ. ಹೊರಟುಹೋಗ್ತೀನಿ. ಇನ್ನೂ ಚಿಕ್ಕೋಳು, ಅವಳ ದಾರಿ ಅವಳು ನೋಡ್ಕೊಳ್ಳಿ."

ಮಂಜಿನೊಳಗಿಂದ ಚೀಲದಂಥ ಕೊಕ್ಕಿನ ಪೆಲಿಕನ್ ಹಕ್ಕಿಯೊಂದು ಧೊಪ್ಪೆಂದು ಇಳಿದು, ಉಂಡೆಯನ್ನು ಎಲೆಯ ಸಮೇತ ನುಂಗಿತು. ಅದಕ್ಕೆ ಶಾಸ್ತ್ರವೂ ಇಲ್ಲ, ನಾಚಿಕೆಯೂ ಇಲ್ಲ.

"ನೋಡಿದ್ಯಾ, ಒಪ್ಕೊಂಡ," ಎಂದು ಅತ್ತೆ ಕಣ್ಣೊರೆಸಿಕೊಂಡರು. ದೋಣಿ ಹತ್ತಲು ಮಂಡಿ ಬಗ್ಗದೆ ನನ್ನ ಹೆಗಲು ಹಿಡಿದರು. ಕೈ ತಣ್ಣಗಿತ್ತು. ಇವರೂ ಹೋದರೆ ಆ ಮನೆಯಲ್ಲಿ ನಾನೊಬ್ಬಳೇ ಎಂದು ಮೊದಲ ಬಾರಿಗೆ ಹೆದರಿಕೆಯಾಯಿತು.

"ಅದು ಕಾಗೆ ಅಲ್ಲ ಅತ್ತೆ, ಲೆಕ್ಕಕ್ಕಿಲ್ಲ," ಎಂದೆ. "ಕೂತ್ಕೊಳ್ಳಿ. ಡಬ್ಬೀಲಿ ಇನ್ನೂ ಅನ್ನ ಇದೆ, ಇನ್ನೊಂದು ಉಂಡೆ ಮಾಡಿ. ಈ ಸಲ ಮಾತು ನಾನು ಕೊಡ್ತೀನಿ."