ಬೆನೆಬಾಳನ್ನು ಯಾವ ಹಡಗೂ ಹತ್ತಿಸಿಕೊಳ್ಳಲಿಲ್ಲ

ಟಲ್ಲಕ್ ನಮ್ಮ ಕಬ್ಬಿನ ತೋಟದ ಮೇಸ್ತ್ರಿ. ಸ್ಕಾಟ್ಲೆಂಡಿನಿಂದ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಪೆಟ್ಟಿಗೆ, ಒಂದು ಕೆಮ್ಮು. ಜಮೈಕಾದಲ್ಲಿ ಕೈಗೆ ಬೆತ್ತ ಬಂತು, ಮೈಗೆ ಕೊಬ್ಬು ಬಂತು. ಆ ಬೆತ್ತದಿಂದಲೇ ಒಂದು ಬೆಳಿಗ್ಗೆ ಕಬ್ಬು ಕಡಿಯುವ ಮಿಂಬಾಳ ಮೊಣಕೈ ಮುರಿದ. ಹೊರೆ ಇಳಿಸುವಾಗ ಅವಳು ನಕ್ಕಳಂತೆ. ನಕ್ಕಿದ್ದು ನಿಜ. ಅವನ ಚಲ್ಲಣ ಹಿಂದೆ ಹರಿದಿತ್ತು, ತೋಟದ ಗುಲಾಮರೆಲ್ಲ ನಕ್ಕಿದ್ದೆವು.

ಮಿಂಬಾಳ ಅಜ್ಜಿ ಬೆನೆಬಾ ಕೋಳಿ ಕಾಯುವ ಮುದುಕಿ, ಸುಮ್ಮನಿರುವ ಹೆಂಗಸಲ್ಲ. ಭಾನುವಾರ ಮೊಮ್ಮಗಳ ಜೊತೆಗೆ, ಮೇಸ್ತ್ರಿಯ ಅಡುಗೆ ಮಾಡುವ ನನ್ನನ್ನೂ ಎಳೆದುಕೊಂಡು ಮ್ಯಾಜಿಸ್ಟ್ರೇಟ್ ಪೆನ್ನಿಕುಕ್‌ನ ಮನೆಗೇ ಹೋದಳು.

"ಹೊಡೆದಿದ್ದು ಯಾರು ನೋಡಿದ್ರು?" ಎಂದ ಅವನು.

"ಇಡೀ ತೋಟ ನೋಡಿದೆ, ದೊರೆ."

"ಬಿಳಿಯರು ಯಾರಾದ್ರೂ?"

"ಒಂದು ಬಿಳಿ ಹಸು ಇತ್ತು. ಹಿಡ್ಕೊಂಡು ಬರ್ಲಾ?"

ಬಿಳಿಯನ ವಿರುದ್ಧ ಕರಿಯರ ಸಾಕ್ಷಿ ನಡೆಯುವುದಿಲ್ಲ, ಅದು ಕಾನೂನು. ಸುಳ್ಳು ದೂರು ತಂದಳೆಂದು ಬೆನೆಬಾಳಿಗೇ ಚಾವಟಿಯೇಟು ಬಿತ್ತು. ತೋಟಕ್ಕೆ ಮರಳಿ ಅವಳ ಬೆನ್ನಿಗೆ ಅಂಟಿದ ಬಟ್ಟೆಯನ್ನು ನಾನು ಬಿಡಿಸುವಾಗ, "ಮೆಲ್ಲಗೆ ಕಣೇ ಫಿಬಾ, ಇರೋದೊಂದೇ ಒಳ್ಳೇ ರವಿಕೆ" ಎಂದಳು.

ಮರುದಿನದಿಂದ ಟಲ್ಲಕ್ ಊಟಕ್ಕೆ ಕುಳಿತಾಗಲೆಲ್ಲ ಬೆನೆಬಾ ಕಿಟಕಿಯಾಚೆ ನಿಂತು ಅವನನ್ನೇ ನೋಡತೊಡಗಿದಳು. ಅಟ್ಟಿದರೆ ಹೋಗುವಳು, ಮತ್ತೆ ಬರುವಳು. ಅವನ ಹೊಸ್ತಿಲಲ್ಲಿ ಮೊಟ್ಟೆಯ ಓಡು, ಕೋಳಿಗರಿ, ಬೆಕ್ಕಿನ ಹಲ್ಲು ಕಾಣಿಸಿಕೊಂಡವು. ಮೊದಲೆರಡು ನನ್ನ ಅಡುಗೆಮನೆಯ ಕಸ. ಬೆಕ್ಕಿನ ಹಲ್ಲು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಟಲ್ಲಕ್ ಊಟ ಬಿಟ್ಟ, ರಮ್ ಹಿಡಿದ, ಬೆಕ್ಕು ಎದುರಾದರೆ ಟೋಪಿ ತೆಗೆಯತೊಡಗಿದ. ಕೊನೆಗೆ, ಮುದುಕಿ ಮಾಟ ಮಾಡಿದ್ದಾಳೆಂದು ದೂರು ಕೊಟ್ಟ. ಮಾಟ ಮಾಡಿದವರಿಗೆ ನೇಣು.

ಈಗ ನಮ್ಮ ನಾಲಿಗೆಗೆ ಬೆಲೆ ಬಂತು. ಕರಿಯಳ ವಿರುದ್ಧವಾದರೆ ಕರಿಯರ ಸಾಕ್ಷಿ ಧಾರಾಳವಾಗಿ ನಡೆಯುತ್ತದೆ! ಟಲ್ಲಕ್ ನಮ್ಮನ್ನು ಗಾಡಿಯಲ್ಲಿ ತುಂಬಿ ನ್ಯಾಯಾಲಯಕ್ಕೆ ಕಳಿಸಿದ. ಗಾಡಿಯಲ್ಲೇ ಮಾತಾಡಿಕೊಂಡೆವು: ಬೆನೆಬಾಳಿಗೆ ಮಾಟ ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಬರುತ್ತದೆ ಎಂದೇ ಹೇಳೋಣ, ಶಿಕ್ಷೆ ಕೊಡಲು ಅವರೇ ಹೆದರುವಷ್ಟು ಹೇಳೋಣ.

ಗಾಡಿ ಹೊಡೆಯುವ ಕ್ವಾಕೊ ಮೊದಲು ನಿಂತ. "ಹಿಂದಿನ ತೋಟದಲ್ಲಿ ಇವಳಿಗೆ ಹೊಡೆದವನ ಕೈ ಒಣಗಿ ಶುಂಠಿ ಆಗೋಯ್ತು, ದೊರೆ. ಕಣ್ಣಾರೆ ಕಂಡಿದ್ದೀನಿ."

ನ್ಯಾಯಪೀಠದಲ್ಲಿದ್ದ ಪೆನ್ನಿಕುಕ್ ಆಮೇಲೆ ನಿಂತ ನನ್ನನ್ನು ಕೇಳಿದ. "ಹೊಡಿ ಅಂತ ಅಪ್ಪಣೆ ಕೊಟ್ಟವರಿಗೆ ಏನೂ ಆಗಲ್ಲ ತಾನೆ?"

"ಅವರಿಗೆ ಹೊಟ್ಟೆಯಿಂದ ಶುರುವಾಗುತ್ತೆ, ದೊರೆ."

"ಮತ್ತೆ... ಗಲ್ಲಿಗೆ ಹಾಕಿದ್ರೆ?"

"ಹಗ್ಗ ಕಟ್ಟಿದವರು, ತೀರ್ಪು ಕೊಟ್ಟವರು, ಹೂಂ ಅಂತ ತಲೆಯಾಡಿಸಿದವರು, ಎಲ್ಲರ ಮನೆಗೂ ಬರ್ತಾಳಂತೆ. ಸತ್ತ ಮೇಲೆ ಮಂಡಿನೋವು ಇರಲ್ಲ ನೋಡಿ, ಓಡಾಟ ಸಲೀಸು."

ತಲೆಯಾಡಿಸುತ್ತಿದ್ದ ಜ್ಯೂರಿಯ ಬಿಳಿಯರು ತಟ್ಟನೆ ನಿಲ್ಲಿಸಿದರು. ಕಟಕಟೆಯಲ್ಲಿ ಬೆನೆಬಾ ಪೆನ್ನಿಕುಕ್‌ನತ್ತ ತಿರುಗಿ ಆಕಳಿಸಿದಳು, ಅಷ್ಟೆ. ಅವನ ಹೊಟ್ಟೆ ಗುಡುಗಿದ್ದು ಸಭೆಗೆಲ್ಲ ಕೇಳಿಸಿತು. ಎದ್ದು ಹಿತ್ತಲಿಗೆ ಓಡಿದ. ಬಂದವನೇ ತೀರ್ಪು ಕೊಟ್ಟ: ನೇಣು ಬೇಡ, ದ್ವೀಪದಾಚೆ ಎಲ್ಲಾದರೂ ಮಾರಿಬಿಡಿ.

ಹಗ್ಗದಿಂದ ಬಿಡಿಸಿ ಕಡಲಿಗೆ ನೂಕಿದೆವಲ್ಲ! ಆದರೆ ನಮ್ಮ ಸಾಕ್ಷಿ ಅವಳಿಗಿಂತ ಮೊದಲೇ ಬಂದರಿಗೆ ಮುಟ್ಟಿತ್ತು. ಸಕ್ಕರೆ ಪೀಪಾಯಿ ಹೊರುವ ಆಳುಗಳು ಅದಕ್ಕೆ ಇನ್ನಷ್ಟು ಬಾಲ ಅಂಟಿಸಿ ನಾವಿಕರ ಕಿವಿಗೆ ಹಾಕಿದ್ದರು. ಒಬ್ಬ ಕಪ್ತಾನ ಜಾಗವಿಲ್ಲ ಎಂದ, ಒಬ್ಬ ಹಾಯಿ ಹರಿದಿದೆ ಎಂದ. ಇನ್ನೊಬ್ಬ, "ಬೇಕಾದ್ರೆ ಪ್ಲೇಗ್ ಹತ್ತಿಸ್ಕೊಳ್ತೀನಿ, ಇವಳು ಬೇಡ" ಎಂದು ನೇರವಾಗಿಯೇ ಹೇಳಿದ.

ಮಳೆಗಾಲ ಮುಗಿಯುವ ಹೊತ್ತಿಗೆ, ಹಡಗು ಸಿಗುವವರೆಗೆ ಅವಳನ್ನು ಕೂಡಿಹಾಕಿದ್ದ ಬಂದರಿನ ಸೆರೆಮನೆಯ ಕಾವಲುಗಾರನೇ ಹೆದರಿ ಸೋತ. ಬಾಗಿಲು ತೆರೆದು, "ಹೋಗಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದ.

"ಮೊಮ್ಮಗಳು ಬರದೆ ನಾನು ಕದಲಲ್ಲ ಕಣಪ್ಪ. ಇಲ್ಲಿ ಗಾಳಿ ಚೆನ್ನಾಗಿದೆ."

ವಿಷಯ ತಿಳಿದ ಪೆನ್ನಿಕುಕ್ ತೋಟದ ಮಾಲೀಕರನ್ನು ಒಪ್ಪಿಸಿದ. ಮುರಿದ ಕೈಯವಳು ಕಬ್ಬು ಕಡಿಯಲಾರಳು ಎಂದು ಅವರೂ ಮಿಂಬಾಳನ್ನು ಬಿಟ್ಟುಕೊಟ್ಟರು. ಟಲ್ಲಕ್‌ಗೆ ಯಾವ ಶಿಕ್ಷೆಯೂ ಆಗಲಿಲ್ಲ. ಪಕ್ಕದ ತೋಟಕ್ಕೆ ಹೋದ, ಅಲ್ಲಿ ಅವನಿಗೆ ಇನ್ನೂ ದಪ್ಪ ಬೆತ್ತ ಸಿಕ್ಕಿತು.

ಅಜ್ಜಿ ಮೊಮ್ಮಗಳು ಈಗ ಬಂದರಿನ ಹಿಂದೆ ಮರಗೆಣಸಿನ ರೊಟ್ಟಿ, ಕರಿದ ಮೀನು ಮಾರುತ್ತಾರೆ. ಸಂತೆಗೆ ಹೋದಾಗ ನಾನು ಅಲ್ಲಿ ಇಣುಕುತ್ತೇನೆ. ಮೊದಲ ಸಲ ಹೋದಾಗ ಬೆನೆಬಾ ಉರಿದುಬಿದ್ದಳು.

"ನಮ್ಮೋರೇ ದಾರಿ ಬದಲಾಯಿಸಿ ಹೋಗ್ತಾರೆ ಕಣೇ. ಮಕ್ಕಳಂತೂ ನನ್ನ ನೆರಳು ಕಂಡ್ರೆ ಓಡ್ತವೆ. ಮಿಂಬಾ ಬುಟ್ಟಿ ಹೊತ್ತು ಆಚೆ ಬೀದಿಗೆ ಹೋಗಿ ಮಾರಬೇಕು. ನೀವೆಲ್ಲ ಸೇರ್ಕೊಂಡು ನನ್ನ ವ್ಯಾಪಾರ ಹಾಳುಮಾಡಿದ್ರಿ. ನೀನಾದ್ರೂ ಕೂತು ತಿನ್ನು."

ಕುಳಿತೆ. ಅಷ್ಟೆಲ್ಲ ಸುಳ್ಳು ಹೇಳಿದ ಬಾಯಿ ನನ್ನದೇ. ಆದರೂ ಬಾಯಿಗಿಡುವ ಮೊದಲು ರೊಟ್ಟಿಯನ್ನೊಮ್ಮೆ ತಿರುಗಿಸಿ ನೋಡಿದೆ. ಅವಳು ಅದನ್ನು ಕಂಡಳು.

"ಥೂ, ನಿನ್ನ ಮೂತಿಗಿಷ್ಟು!" ಎಂದು ಬೈದು, ರೊಟ್ಟಿಯ ಮೇಲೊಂದು ಮೀನು ಇಟ್ಟಳು.