ಬಲ್ಬಿನ ಸುತ್ತ ಬಣ್ಣದ ಬಳೆ

ನಮ್ಮ ಅತ್ತೆ ಶೆಟ್ಟೆವ್ವನಿಗೆ ಇರುವುದು ಒಂದೇ ಕಣ್ಣು. ಇನ್ನೊಂದು, ಕುರಿ ಕಾಯುವಾಗ ಜಾಲಿಮುಳ್ಳು ಚುಚ್ಚಿ ಎಂದೋ ಹೋಗಿದೆ. ಉಳಿದ ಆ ಒಂದಕ್ಕೂ ಪೊರೆ ಬಂತು. ಬೆಳಿಗ್ಗೆ ಗೋಕಾಕದಲ್ಲಿ ಆಪರೇಷನ್ ಮಾಡಿಸಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ನಮ್ಮೂರು ಘೋಡಗೇರಿಗೆ ಕರೆತಂದೆವು. ಮಡಚಿ ಸಣ್ಣ ತೂತಿನಿಂದ ಒಳಗೆ ಬಿಟ್ಟರೆ ತಾನೇ ಬಿಚ್ಚಿಕೊಳ್ಳುವ ಲೆನ್ಸು. ಪಟ್ಟಿಯೂ ಇಲ್ಲ, ಕಪ್ಪು ಕನ್ನಡಕ ಅಷ್ಟೇ.

ಮನೆಯಲ್ಲಿ ಕಾದು ಕುಳಿತಿದ್ದವಳು ಚಿಕ್ಕತ್ತೆ ಉದ್ದವ್ವ, ಅತ್ತೆಯ ಮೈದುನನ ಹೆಂಡತಿ. ಅವಳಿಗೆ ಹಿಂದಿನ ತಿಂಗಳು ಅದೇ ಆಸ್ಪತ್ರೆಯ ಶಿಬಿರದಲ್ಲಿ, ಕೊಂಚ ದೊಡ್ಡದಾಗಿ ಕೊಯ್ದು, ಮಡಚಲು ಬಾರದ ಗಟ್ಟಿ ಲೆನ್ಸು ಕೂಡಿಸಿದ್ದರು. ಇಬ್ಬರೂ ಹಾವು ಮುಂಗುಸಿ. ಒಬ್ಬಳ ಕುರಿ ಅವಳಿ ಮರಿ ಹಾಕಿದರೆ ಇನ್ನೊಬ್ಬಳಿಗೆ ಊಟ ಸೇರುವುದಿಲ್ಲ. ಈಗ ಜಗಳ ಲೆನ್ಸಿನ ಮೇಲೆ.

ಸಂಜೆ ದೀಪ ಹಾಕಿದೆ. ಅತ್ತೆ ಮೇಲೆ ನೋಡಿ, "ಅಯ್ಯ, ಬಲ್ಬಿನ ಸುತ್ತ ಬಣ್ಣಬಣ್ಣದ ಬಳಿ ಕಾಣಾಕತ್ತಾವ! ಉದ್ದವ್ವಾ, ನಿನಗ ಕಾಣತಾವೇನ?" ಎಂದರು.

ಉದ್ದವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಎಲ್ಲಿಯ ಬಳೆ! ಬರೀ ಬಲ್ಬು. ಮುಖ ಹುಳ್ಳಗೆ ಮಾಡಿಕೊಂಡು ಕೂತಳು.

ಸ್ವಲ್ಪ ಹೊತ್ತಿಗೆ ಅತ್ತೆ ವಾಂತಿ ಮಾಡಿಕೊಂಡರು. ಹಣೆ ಒಡೆದು ಹೋಗುವ ಹಾಗೆ ನೋಯುತ್ತಿತ್ತೆಂದು ಹೇಳಿದ್ದು ಆಮೇಲೆ. ಆಗ ಮಾತ್ರ, "ಗಾಡಿ ಆಗಿಬರಂಗಿಲ್ಲ ನನಗ" ಎಂದರು. ಉದ್ದವ್ವನ ಮುಂದೆ ನೋವು ಎಂದರೆ ಲೆನ್ಸಿನ ಮರ್ಯಾದೆ ಹೋಗುತ್ತದಲ್ಲ! ನಾನೂ ದಡ್ಡಿ, ನಂಬಿದೆ.

ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ದೀಪಾ ಫೋನ್ ಮಾಡಿ, ಅತ್ತೆ ಹೇಗಿದ್ದಾರೆಂದು ಕೇಳಿದಳು. ಅತ್ತೆ ಕೈಸನ್ನೆ ಮಾಡಿದರು. "ಆರಾಮ ಅದಾರ್ರಿ" ಎಂದೆ. ಉದ್ದವ್ವ ಫೋನ್ ಕಸಿದುಕೊಂಡಳು.

"ಏನ್ರಿ ನರ್ಸ್ ಬಾಯಾರ, ನನಗ ಎಂಥಾ ಲೆನ್ಸ್ ಹಾಕೀರಿ? ಇಕಿಗೆ ಬಲ್ಬಿನ ಸುತ್ತ ಬಣ್ಣದ ಬಳಿ ಕಾಣತಾವ, ನನಗೊಂದೂ ಇಲ್ಲ! ಶಿಬಿರದಾಗ ಬಂದವ್ರಂದ್ರ ಹಿಂಗ ಮಾಡೂದೇನ?"

ಸ್ಪೀಕರಿನಲ್ಲಿ ದೀಪಾಳ ದನಿ ಬದಲಾಯಿತು. "ಶೆಟ್ಟೆವ್ವಗ ಬಳಿ ಕಾಣತಾವ? ತಲಿನೋವು, ವಾಂತಿ ಏನರ ಐತೇನ್ರಿ? ಈಗಿಂದೀಗ ಕರಕೊಂಡ ಬರ್ರಿ. ಕಣ್ಣಿನ ಪ್ರೆಶರ್ ಏರಿರಬೇಕ. ತಡಾ ಮಾಡಿದ್ರ ಕಣ್ಣ ಹೋಗತೈತಿ!"

ನನ್ನ ಗಂಡ ಅಶೋಕ ಓಡಿಹೋಗಿ ಟಂಟಂ ತಂದ. ಉದ್ದವ್ವ ಯಾರೂ ಕರೆಯದೆಯೇ ಹತ್ತಿ ಕುಳಿತಳು.

ಡಾಕ್ಟರು ಅಳೆದು ನೋಡಿದರು. ಇಪ್ಪತ್ತರ ಒಳಗೆ ಇರಬೇಕಾದ ಒತ್ತಡ ಐವತ್ತರ ಹತ್ತಿರ ಇತ್ತು. ಲೆನ್ಸಿನ ತಪ್ಪಲ್ಲ ಎಂದರು; ಅದನ್ನು ಕೂಡಿಸುವಾಗ ಬಳಸುವ ಲೋಳೆ ಸ್ವಲ್ಪ ಒಳಗೇ ಉಳಿದು ಕಣ್ಣಿನ ನೀರು ಹೊರಹೋಗುವ ದಾರಿ ಕಟ್ಟಿತ್ತಂತೆ, ಯಾವ ಲೆನ್ಸಿಗೂ ಹೀಗಾಗಬಹುದಂತೆ. ತೂತಿನ ಅಂಚನ್ನು ಮೆಲ್ಲಗೆ ಒತ್ತಿ ಒಂದಿಷ್ಟು ನೀರು ಬಿಟ್ಟರು, ಮಾತ್ರೆ ಕೊಟ್ಟರು. ಮತ್ತೆ ಅಳೆದಾಗ ಇಳಿದಿತ್ತು. "ಬೆಳತನಕಾ ಬಿಟ್ಟಿದ್ರ ಕಷ್ಟ ಇತ್ರಿ" ಎಂದರು.

ಹೊರಗೆ ಬೆಂಚಿನ ಮೇಲೆ ಉದ್ದವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಅತ್ತೆ ಅವಳ ಮುಂದೆ ಹೋಗಿ ನಿಂತರು.

"ಯಾಕ ಅಳಾಕತ್ತಿ? ಕಣ್ಣ ಹೋಗಿಲ್ಲ. ನಿನ್ನ ಹಾಳ ಮಾರಿ ಚೊಲೋ ಕಾಣಾಕತ್ತೈತಿ."

"ನೀ ಕುರುಡಿ ಆಗಿದ್ರ ನಾ ಯಾರ ಕೂಡ ಜಗಳಾಡ್ಲೆ?"

"ಇರಲಿ ಬಿಡ. ನಿನ್ನ ಹೊಟ್ಟಿಕಿಚ್ಚ ನೂರು ವರ್ಸ ಬಾಳ್ಲಿ," ಎಂದು ಅತ್ತೆ ಅವಳ ಪಕ್ಕದಲ್ಲೇ ಕೂತರು.