ಸೋಸುತೊಟ್ಟಿಯ ಮೇಲಿನ ಕಣ್ಣು

ಕಂಪ್ಲಿಯ ಅಕ್ಕಿ ಗಿರಣಿಯ ಗಾದಿಲಿಂಗಪ್ಪನವರು ಯಾರನ್ನೂ ಸುಲಭಕ್ಕೆ ನಂಬಿದವರಲ್ಲ. ಹೆಂಡತಿ ಸಂಗಮ್ಮ ಕೊಟ್ಟ ಮಜ್ಜಿಗೆಯನ್ನೂ ಒಮ್ಮೆ ಬಗ್ಗಿ ನೋಡಿಯೇ ಕುಡಿಯುವ ಜಾತಿ. ಮೂಟೆಯ ಬಾಯಲ್ಲಿ ಸಣ್ಣಕ್ಕಿ, ಹೊಟ್ಟೆಯಲ್ಲಿ ನುಚ್ಚು ತುಂಬುವವರ ನಡುವೆಯೇ ಮೂವತ್ತು ವರ್ಷ ಕಳೆದವರು ಇನ್ನು ಹೇಗಿರುತ್ತಾರೆ?

ಅಂಥವರು ಒಬ್ಬಳೇ ಮಗಳು ಪಂಪಮ್ಮನಿಗಾಗಿ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ್ದರು. ಜ್ವರ ಬಂದು ಹುಡುಗಿಯ ಎಡಗಾಲು ಸೋತುಹೋಗಿತ್ತು. ದಿನಾ ನೀರಲ್ಲಿ ಕಾಲಾಡಿಸಿದರೆ ಬಲ ಬಂದೀತು, ಆದರೆ ನೀರು ಶುದ್ಧವಿರಬೇಕು ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಹೊಳೆಗೆ ಇಳಿಸೋಣವೆಂದರೆ ಮೊಸಳೆಯ ಭಯ, ಕಾಲುವೆಯ ನೀರು ಬರೀ ರಾಡಿ. ಅದಕ್ಕೇ ಕೊಳದ ಪಕ್ಕ ಒಂದು ಸೋಸುತೊಟ್ಟಿ ಎದ್ದಿತು. ತಳದಲ್ಲಿ ಗುಂಡುಕಲ್ಲು, ಅದರ ಮೇಲೆ ಗರಸು, ಅದರ ಮೇಲೆ ಗಜದಷ್ಟು ದಪ್ಪಕ್ಕೆ ನಯವಾದ ಮರಳು. ಮೇಲೆ ಬಿಟ್ಟ ಕಾಲುವೆ ನೀರು ಮರಳಿನೊಳಗೆ ನಿಧಾನಕ್ಕೆ ಇಳಿದು ತಿಳಿಯಾಗಿ ಕೊಳ ಸೇರುತ್ತಿತ್ತು.

ತೊಟ್ಟಿ ನೋಡಿಕೊಳ್ಳಲು ಮುದುಕಪ್ಪನಿದ್ದ. ಹೆಸರಿಗಷ್ಟೇ ಮುದುಕ, ವಯಸ್ಸು ನಲವತ್ತೂ ದಾಟಿರಲಿಲ್ಲ. ಹೊಸಪೇಟೆಯಲ್ಲಿ ಯಾರೋ ದೊರೆಯ ಬಂಗಲೆಯಲ್ಲಿ ಇದೇ ಕೆಲಸ ಕಲಿತು ಬಂದವನು. ಐದು ತಿಂಗಳಲ್ಲಿ ಪಂಪಮ್ಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಂತಾದಳು.

ಆದರೂ ಅವನನ್ನು ಕಂಡರೆ ಗಾದಿಲಿಂಗಪ್ಪನವರಿಗೆ ಮೈ ಉರಿಯುತ್ತಿತ್ತು. ತಿಂಗಳಿಗೊಮ್ಮೆ ತೊಟ್ಟಿಯ ನೀರಿಳಿಸಿ, ಮರಳಿನ ಮೇಲ್ಪದರವನ್ನು ಬೆರಳು ದಪ್ಪ ಕೆರೆದು ತೆಗೆಯುತ್ತಿದ್ದ. ಉಳಿದ ದಿನವೆಲ್ಲ ಕಟ್ಟೆಯ ಮೇಲೆ ಕೂತು ಬೀಡಿ. ಕೆರೆದು ತೆಗೆದ ಪದರದಲ್ಲಿ ನೋಡಿದರೆ ಕಂದು ಲೋಳೆ!

"ಲೇ, ಇಷ್ಟು ಹೊಲಸು ಆಗೋತನಕ ಸುಮ್ಮನ ಕುಂದರ್ತಿಯೇನು?"

"ಆ ಲೋಳಿ ಪೊರೀನ ರಾಡಿ ತಡದು ನೀರು ಸೋಸೋದು ಸಾವ್ಕಾರ್ರ. ನೀರು ಇಳಿಯೋದು ನಿಂತಾಗಷ್ಟ ಅದನ್ನ ತೆಗಿಬೇಕು. ಅಲ್ಲೀತನಕ ಮರಳು ಮುಟ್ಟಬಾರ್ದು ನೋಡ್ರಿ."

ಹೊಲಸು ನೀರನ್ನು ಶುದ್ಧ ಮಾಡುತ್ತದಂತೆ! ಮೈಗಳ್ಳತನಕ್ಕೆ ಇಂಥ ಸಬೂಬನ್ನು ಅವರು ಎಲ್ಲೂ ಕೇಳಿರಲಿಲ್ಲ. ತೊಳೆಯದ ಮರಳನ್ನೇ ತಳಕ್ಕೆ ಹಾಕಿ ಮೇಲೆ ಚೊಕ್ಕ ಮರಳು ಮುಚ್ಚಿರುತ್ತಾನೆ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತು.

ಮರುದಿನ ಮುದುಕಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಅವರು ಗಿರಣಿಯಿಂದ ಒಂದು ಸಾಮಾನು ತಂದರು. ಮೂಟೆಗೆ ಚುಚ್ಚಿ ಒಳಗಿನ ಅಕ್ಕಿ ಎಳೆದು ನೋಡುವ ಕಬ್ಬಿಣದ ಕೊಳವೆ. ಅದನ್ನು ರಾಡಿ ನೀರಿನೊಳಗಿಂದ ಮರಳಿಗೆ ಇಳಿಸಿ ಎಳೆದರು. ಬಂದ ಮರಳು ಚೊಕ್ಕವಾಗಿತ್ತು. ಅಷ್ಟಕ್ಕೇ ನಂಬುವ ಆಸಾಮಿಯೇ? ಕಳ್ಳ ವ್ಯಾಪಾರಿ ಒಂದು ಮೂಲೆಯಲ್ಲಿ ಒಳ್ಳೆಯದನ್ನು ಇಟ್ಟೇ ಇರುತ್ತಾನೆ. ಅಂದಿನಿಂದ ದಿನಾ ಜಾಗ ಬದಲಿಸಿ ಏಳೆಂಟು ಕಡೆ ಚುಚ್ಚಿ ನೋಡತೊಡಗಿದರು.

ಹದಿನೈದು ದಿನಕ್ಕೆ ಕೊಳದ ನೀರು ಮಬ್ಬಾಯಿತು. ಪಂಪಮ್ಮನ ಕಣ್ಣು ಕೆಂಪಾಗಿ, ಕಿವಿ ಸೋರಿ, ಜ್ವರ ಏರಿತು. ನೀರಿಗೆ ಇಳಿಸಬೇಡಿ ಎಂದರು ಡಾಕ್ಟರು. ಹಾಸಿಗೆ ಹಿಡಿದ ಹುಡುಗಿಯ ಕಾಲು ಮತ್ತೆ ಬಿಗಿದುಕೊಂಡಿತು. ಗಾದಿಲಿಂಗಪ್ಪನವರು ರಾತ್ರಿಯೆಲ್ಲ ಮಗಳ ಹಾಸಿಗೆಯ ಪಕ್ಕ ಕೂತರು. ಆದರೂ ಅವರಿಗೆ ತಾವು ಅಂದುಕೊಂಡಿದ್ದೇ ನಿಜವಾಯಿತೆಂಬ ಸಣ್ಣ ಸಮಾಧಾನವೂ ಆಯಿತು.

"ಮುದುಕಪ್ಪ ಮಾಮನ ನೀರು ಕೆಡಿಸಿದ್ನಾ ಅಪ್ಪಾ?" ಎಂದು ಮಗಳು ಕೇಳಿದಳು.

"ಹೂನವ್ವ. ಅವನ ಮಾಡಿದ್ದು."

ಜ್ವರ ಬಿಟ್ಟ ಮೇಲೆ ಹುಡುಗಿ ಹಿತ್ತಲಲ್ಲಿ ಅವನನ್ನು ಕಂಡರೂ ಮುಖ ತಿರುಗಿಸುತ್ತಿದ್ದಳು.

ಗಾದಿಲಿಂಗಪ್ಪನವರು ಅವನನ್ನು ಕರೆದು, "ನಾಳಿಂದ ಬರಬ್ಯಾಡ" ಎಂದರು. ಮುದುಕಪ್ಪ ಮರಳು ಹೊರುವ ಬುಟ್ಟಿಯನ್ನು ಕೆಳಗಿಟ್ಟ.

"ಆತ್ರಿ. ಹೋಗೋಕಿಂತ ಮೊದ್ಲು ತೊಟ್ಟಿ ನೀರು ಇಳಿಸ್ತೀನಿ, ನೀವೂ ನಿಂತು ನೋಡ್ರಿ. ಯಾಕ ಕೆಟ್ಟಿತಂತ ನನಗೂ ತಿಳಿಬೇಕು."

ರಾಡಿ ನೀರು ಇಳಿಯಿತು. ಮರಳಿನ ಮೇಲಿನ ಕಂದು ಪೊರೆಯ ತುಂಬ ತೂತುಗಳು. ಒಂದೊಂದು ತೂತಿನ ಸುತ್ತಲೂ ಕೆಸರು ಒಳಗೆ ಹರಿದ ಗುರುತು.

"ಅಯ್ಯೋ ಶಿವನೇ! ಇಲ್ಲಿಂದ ನೀರು ಸೋಸದನ ಕೊಳಕ್ಕ ಇಳದೈತ್ರಿ. ಯಾರ್ ಚುಚ್ಚಿದ್ರಿ ಇದನ್ನ?"

ಕಳ್ಳ ಸಿಕ್ಕಿಬಿದ್ದನೆಂದು ಗಾದಿಲಿಂಗಪ್ಪನವರು ಬೈಯಲು ಬಾಯಿ ತೆರೆದರು. ಆಮೇಲೆ ಬಗ್ಗಿ ನೋಡಿದರು. ಹೆಬ್ಬೆರಳಿನ ಗಾತ್ರದ ದುಂಡನೆಯ ತೂತುಗಳು, ಏಳೇಳು ಎಂಟೆಂಟರ ಗುಂಪಿನಲ್ಲಿ, ಮೂಲೆಯಿಂದ ಮೂಲೆಗೆ. ತಮ್ಮದೇ ಗಿರಣಿಯ ಕೊಳವೆಯ ಅಳತೆ.

ಹಿತ್ತಲ ಬಾಗಿಲಲ್ಲಿ ಚೌಕಟ್ಟು ಹಿಡಿದು ಪಂಪಮ್ಮ ನಿಂತಿದ್ದಳು.

"ಅಪ್ಪಾ, ಅವ ಏನ್ ಮಾಡ್ಯಾನ? ಗೊತ್ತಾತೇನು?"

ಮುದುಕಪ್ಪ ತಲೆ ತಗ್ಗಿಸಿ ಬುಟ್ಟಿ ಎತ್ತಿಕೊಂಡ. ಗಾದಿಲಿಂಗಪ್ಪನವರು ಸುಮ್ಮನಿದ್ದರೆ ಸಾಕಿತ್ತು, ಅವನು ಹೊರಟುಹೋಗುತ್ತಿದ್ದ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಹುಡುಗಿ ಆ ಸೋತ ಕಾಲನ್ನು ಎಳೆಯುತ್ತ ಒಂದು ಹೆಜ್ಜೆ ಮುಂದೆ ಇಟ್ಟಿದ್ದಳು.

"ಅವನಲ್ಲವ್ವ. ನೀರು ಕೆಡಿಸಿದವ ನಾನು."

ಪಂಪಮ್ಮ ಅಪ್ಪನ ಮಾತನ್ನು ಅಷ್ಟಕ್ಕೇ ನಂಬಲಿಲ್ಲ. ಮುದುಕಪ್ಪನ ಕಡೆ ತಿರುಗಿ, "ಮಾಮ, ಇದು ಖರೇನಾ?" ಎಂದು ಕೇಳಿದಳು.